ಕೈ ಎತ್ತಿದರೆ ನಿಲ್ಲಿಸುತ್ತೇನೆ

ಜೂನ್ 5

ತಮ್ಮಾ,

ಮೊದಲು ಖರ್ಚು ಹೇಳಿಬಿಡುತ್ತೇನೆ, ಕ್ಷೇಮ ಸಮಾಚಾರ ಆಮೇಲೆ. ಬಾಡಿಗೆ ಹಾಲ್ ಒಂದು. ಕುರ್ಚಿ ಅರವತ್ತು, ಅದರಲ್ಲಿ ಮೂವತ್ತೆಂಟರ ಮೇಲೆ ಜನ ಕೂತಿದ್ದರು, ಉಳಿದವುಗಳ ಮೇಲೆ ಅವರ ಕೈಚೀಲಗಳು. ಚಹಾ ಮೂರು ಸುತ್ತು. ಮೈಕು ಒಂದು, ಅದು ಮಧ್ಯಾಹ್ನಕ್ಕೇ ಕೈಕೊಟ್ಟಿತು. ನನ್ನ ಗಂಟಲು ಒಂದು, ಅದು ಸಂಜೆಯವರೆಗೆ ಎಳೆಯಿತು. ನಿನ್ನ ಭಾವನ ಭಾನುವಾರದ ನಿದ್ದೆ. ಡಾಕ್ಟರಮ್ಮನ ಅರ್ಧ ಆಯುಷ್ಯದ ಓದು. ಇಷ್ಟನ್ನೂ ಸುರಿದು ನಿನ್ನೆ ನಾವು ಅಂಗಡಿ ತೆರೆದೆವು.

ಯಾವ ಅಂಗಡಿ ಎಂದು ಹುಬ್ಬೇರಿಸಬೇಡ. ಅಂಗಡಿಗಳ ಮುಂದೆ ನಿಂತು ಕುಕ್ಕರ್ ಮಾರುತ್ತಿದ್ದ ನಿನ್ನ ಅಕ್ಕ, ಆಮೇಲೆ ಕುಕ್ಕರ್ ಮಾರುವವರಿಗೆ ಮಾತು ಕಲಿಸುವವಳಾದದ್ದು ನಿನಗೆ ಗೊತ್ತು. ಹೋದ ತಿಂಗಳು ಮಕ್ಕಳ ಆಸ್ಪತ್ರೆಯ ಡಾಕ್ಟರಮ್ಮ ನನ್ನ ಆಫೀಸಿಗೆ ಬಂದರು. ಮೆಲುದನಿ ಎಂದರೆ ಎಂಥ ಮೆಲುದನಿ! ಫ್ಯಾನ್ ಆರಿಸಿದ ಮೇಲೆ ಕೇಳಿಸಿತು. ಟೀಚರುಗಳು, ನರ್ಸುಗಳು, ಆಟ ಕಲಿಸುವವರು, ಶಾಲಾ ವ್ಯಾನ್ ಓಡಿಸುವವರು, ಒಟ್ಟಿನಲ್ಲಿ ದಿನಾ ಮಕ್ಕಳ ಮುಖ ನೋಡುವ ಜನಕ್ಕೆ, ಪೆಟ್ಟು ತಿನ್ನುತ್ತಿರುವ ಮಗುವನ್ನು, ಹೆದರಿ ಒಳಗೊಳಗೇ ಮುದುಡಿದ ಮಗುವನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಏನು ಮಾಡಬೇಕು, ಏನು ಮಾಡಲೇಬಾರದು ಎಂದು ಕಲಿಸುವ ಕೆಲಸ ಅವರದು. "ನಾನು ಹೇಳೋಕೆ ಶುರು ಮಾಡಿದ್ರೆ ಹಿಂದಿನ ಸಾಲು ನಿದ್ದೆ ಹೋಗುತ್ತೆ" ಅಂದರು. "ವಿಷಯ ನಿಮ್ಮದು, ಬಾಯಿ ನಂದು. ನಿದ್ದೆ ಹೋದವರನ್ನ ಎಬ್ಬಿಸಿ ಎರಡೆರಡು ಕುಕ್ಕರ್ ಮಾರಿದೀನಿ" ಅಂದೆ. ಆಯಿತು ವ್ಯಾಪಾರ.

ನಿನ್ನೆ ನಡೆದದ್ದನ್ನು ನೀನು ನೋಡಬೇಕಿತ್ತು! ಮಧ್ಯಾಹ್ನ ಒಂದು ಆಟ. ಒಬ್ಬರು ಮಗುವಾಗಿ ಕೂರಬೇಕು, ಇನ್ನೊಬ್ಬರು ಕೇಳಬೇಕು. ಒಬ್ಬರೂ ಮುಂದೆ ಬರಲಿಲ್ಲ. ಆರಡಿ ಎತ್ತರದ ಆಟದ ಮೇಷ್ಟ್ರನ್ನು ಮಗುವಿನ ಕುರ್ಚಿಯಲ್ಲಿ ಕೂರಿಸಿ ನಾನೇ ಕೇಳಿದೆ. ನಾಲ್ಕೇ ಪ್ರಶ್ನೆ. "ಕೈಗೆ ಪೆಟ್ಟಾಗಿದೆ, ತುಂಬಾ ನೋವು ಅಲ್ವಾ ಪುಟ್ಟಾ?" "ಯಾರೋ ಹೊಡೆದ್ರು ಅಲ್ವಾ?" "ಮನೆಯವರೋ, ಹೊರಗಿನವರೋ?" "ವ್ಯಾನ್ ಮಾಮ ತಾನೇ? ಹೆದರ್ಕೋಬೇಡ, ನನ್ನ ಹತ್ರ ಹೇಳು." ಮೇಷ್ಟ್ರು ತಲೆ ಬಗ್ಗಿಸಿ "ಹೂಂ, ವ್ಯಾನ್ ಮಾಮ" ಅಂದರು. ಚಪ್ಪಾಳೆ ತಮ್ಮಾ, ಚಪ್ಪಾಳೆ! ಹೊಸ ಕುಕ್ಕರಿನ ಮೊದಲ ಸೀಟಿಗೂ ಅಷ್ಟು ಬಿದ್ದಿರಲಿಲ್ಲ.

ಈ ನಾಲ್ಕು ಪ್ರಶ್ನೆಗಳನ್ನು ನಿನಗೆ ಉಡುಗೊರೆಯಾಗಿ ಕಳಿಸುತ್ತಿದ್ದೇನೆ. ನೀನೂ ದಿನವಿಡೀ ಮಕ್ಕಳ ಬಾಯಿ ಬಿಡಿಸುವವನೇ, ಹಲ್ಲು ಡಾಕ್ಟರೇ, ಉಪಯೋಗಕ್ಕೆ ಬರುತ್ತದೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ "ನಿನ್ನ ಫೋನಲ್ಲಿ ನನಗೆ ಹಲೋ ಅನ್ನೋಕೆ ಮಾತ್ರ ಜಾಗ, ಬರೆದು ಕಳಿಸು, ಆಗ ನನಗೂ ಒಂದು ಸರದಿ ಬರುತ್ತೆ" ಎಂದು ಹೋದ ಸಲ ಕೊಂಕು ನುಡಿದೆಯಲ್ಲ. ಇಗೋ, ಸರದಿ ನಿನ್ನದು.

ನಿನ್ನ ಅಕ್ಕ


ಜೂನ್ 14

ಅಕ್ಕಾ,

ನಿನ್ನ ಕಾಗದವನ್ನೂ ಓದಿ ಮುಗಿಸುವಷ್ಟರಲ್ಲಿ ಕಿವಿ ಗುಂಯ್ ಎಂದಿತು. ಅದರಿಂದಲೂ ನಿನ್ನ ದನಿ ಬರುತ್ತದೆ ಎಂದರೆ ನಂಬು. ನಮ್ಮ ಸಿಸ್ಟರ್‌ಗೆ ಓದಿ ಹೇಳಿದೆ. "ಡಾಕ್ಟ್ರೇ, ನಿಮ್ಮ ಅಕ್ಕನ್ನ ಒಂದು ವಾರ ಇಲ್ಲಿಗೆ ಕಳಿಸಿದ್ರೆ ಅರವಳಿಕೆ ಖರ್ಚು ಉಳಿಯುತ್ತೆ" ಅಂದರು.

ಇಲ್ಲಿ ಎಲ್ಲ ಮಾಮೂಲು. ನೀಲಿ ಕುರ್ಚಿಯ ಬಲಗೈ ಸಡಿಲವಾಗಿತ್ತು, ಸರಿ ಮಾಡಿಸಿದೆ. ಕಟ್ಟಡದ ಯಜಮಾನರು ಎಂದಿನಂತೆ ಕೀ ಗೊಂಚಲನ್ನು ಬೆರಳಲ್ಲಿ ಗಿರಗಿರ ತಿರುಗಿಸುತ್ತಾ ಬಂದು, "ಡಾಕ್ಟ್ರೇ, ನಲ್ಲಿ ಸೋರ್ತಿದ್ಯಾ? ಹಲ್ಲೇ ಕಟ್ತೀರಿ, ನಲ್ಲಿ ಕಟ್ಟೋಕಾಗಲ್ವಾ?" ಎಂದು ಹಳೆಯ ಜೋಕನ್ನೇ ಒಗೆದು ಹೋಗುತ್ತಾರೆ. ಒಪ್ಪಂದ ಇನ್ನೈದು ವರ್ಷಕ್ಕೆ ಮುಂದುವರಿಸುತ್ತೇನೆ ಅಂದಿದ್ದಾರೆ, ಇನ್ನೂ ಸಹಿ ಹಾಕಿಲ್ಲ.

ಒಂದು ವಿಷಯ ಕೇಳಬೇಕಿತ್ತು. ಎಂಟು ವರ್ಷದ ಹುಡುಗಿ. ಹೆಸರು ಬರೆಯುವುದಿಲ್ಲ, ಹಳದಿ ಚೀಲದ ಹುಡುಗಿ ಎಂದುಕೋ. ಎರಡು ತಿಂಗಳ ಹಿಂದೆ ಮೇಲಿನ ಮುಂಭಾಗದ ಹಲ್ಲು ಚೂರು ಮುರಿದುಕೊಂಡು ಬಂದಿದ್ದಳು. ಈಗ ಅದರ ಪಕ್ಕದ್ದು, ಅರ್ಧಕ್ಕೆ. ಪೆಟ್ಟಾಗಿ ನಾಲ್ಕು ದಿನ ಕಳೆದ ಮೇಲೆ ಕರೆತಂದರು. ಮೆಟ್ಟಿಲ ಮೇಲೆ ಬಿದ್ದಳಂತೆ. "ಮೆಟ್ಟಿಲಲ್ಲಿ ಬಿದ್ಯಾ ಪುಟ್ಟಿ?" ಎಂದು ಕೇಳಿದ್ದಕ್ಕೆ "ಆಂ" ಅಂದಳು. ಆಮೇಲೆ ಸಿಸ್ಟರ್ ಮುಖ ಒರೆಸುತ್ತಾ "ಎಲ್ಲಿ ಬಿದ್ಯೇ?" ಅಂದರೆ "ಬಚ್ಚಲಲ್ಲಿ" ಅಂದಳಂತೆ. ಮಕ್ಕಳು ಹೇಳುವುದೇ ಹಾಗೆ, ಬಿಡು. ಮನೆಯೂ ಒಳ್ಳೆಯ ಮನೆ. ಅಪ್ಪ ಅಮ್ಮ ದೂರದಲ್ಲಿ ಕೆಲಸದಲ್ಲಿದ್ದಾರೆ. ಇವಳು ದೊಡ್ಡಪ್ಪ, ಅಜ್ಜಿಯ ಜೊತೆ. ಆದರೂ ಒಂದು ನೆನಪು ಹೋಗುತ್ತಿಲ್ಲ. ಕುರ್ಚಿಯನ್ನು ಹಿಂದಕ್ಕೆ ಮಲಗಿಸಿದಾಗ ಸಾಮಾನ್ಯವಾಗಿ ಮಕ್ಕಳು ಕಿರುಚುತ್ತಾರೆ, ಒದೆಯುತ್ತಾರೆ. ಇವಳು ಕಣ್ಣು ಮುಚ್ಚಿ ಎರಡು ಕೈಯಿಂದ ತಲೆಯ ಹಿಂಭಾಗ ಹಿಡಿದುಕೊಂಡಳು.

ಮುಂದಿನ ಮಂಗಳವಾರ ಹಲ್ಲು ಕಟ್ಟಿಸಿಕೊಳ್ಳಲು ಬರುತ್ತಾಳೆ. ನಿನ್ನ ನಾಲ್ಕು ಪ್ರಶ್ನೆ ಚೆನ್ನಾಗಿವೆ, ಕೇಳಿ ನೋಡುತ್ತೇನೆ.

ನಿನ್ನ ತಮ್ಮ


ಜೂನ್ 17

ತಮ್ಮಾ,

ಈಗಷ್ಟೇ ಫೋನಿನಲ್ಲಿ "ಆ ಪ್ರಶ್ನೆ ಕೇಳಬೇಡ" ಎಂದು ಇಟ್ಟುಬಿಟ್ಟೆ. ನಾನು ಮೂರು ಮಾತಿಗೆ ಫೋನ್ ಇಟ್ಟದ್ದು ನೋಡಿ ನಿನಗೆ ಗಾಬರಿಯೇ ಆಗಿರಬೇಕು. ನಿನ್ನ ಭಾವ ನನ್ನ ಹಣೆ ಮುಟ್ಟಿ ಜ್ವರ ನೋಡಿದರು. ಯಾಕೆ ಕೇಳಬಾರದು ಎಂದು ಹೇಳಲು ಬಾಯಿ ಬರಲಿಲ್ಲ. ಬರೆಯುತ್ತೇನೆ.

ಚಪ್ಪಾಳೆ ಬಿದ್ದದ್ದು ನಿಜ. ಅದಾದ ಮೇಲೆ ಏನಾಯಿತು ಎಂಬುದನ್ನು ನಾಚಿಕೆಗೆ ನಿನಗೆ ಬರೆದಿರಲಿಲ್ಲ, ನೀನು ನಿಜವಾಗಿ ಕೇಳಹೊರಡುತ್ತೀಯೆಂದು ಎಣಿಸಿರಲೂ ಇಲ್ಲ. ಮಗುವಾಗಿ ಕೂರುವವರ ಜೇಬಿನಲ್ಲಿ ಡಾಕ್ಟರಮ್ಮ ಒಂದು ಚೀಟಿ ಇಟ್ಟಿರುತ್ತಾರೆ. ಮಗುವಿಗೆ ನಿಜವಾಗಿ ಏನಾಗಿದೆ ಎಂದು ಅದರಲ್ಲಿರುತ್ತದೆ. ಚಪ್ಪಾಳೆ ನಿಂತ ಮೇಲೆ ಡಾಕ್ಟರಮ್ಮ ಎದ್ದು ಬಂದು, "ಮೇಷ್ಟ್ರೇ, ಚೀಟಿ ಓದ್ತೀರಾ?" ಅಂದರು. ಆ ಮೆಲುದನಿ ಕೊನೆಯ ಸಾಲಿಗೂ ಕೇಳಿಸಿತು. ಮೇಷ್ಟ್ರು ಓದಿದರು: "ಸೈಕಲ್ಲಿಂದ ಬಿದ್ದೆ. ಯಾರೂ ಏನೂ ಮಾಡಿಲ್ಲ."

"ಮತ್ಯಾಕೆ ವ್ಯಾನ್ ಮಾಮ ಅಂದ್ರಿ?" ಎಂದು ನಾನೇ ಕೇಳಿದೆ. ಆ ಪುಣ್ಯಾತ್ಮ ತಲೆ ಕೆರೆದುಕೊಂಡು, "ಮೇಡಂ, ನೀವು ಅಷ್ಟು ಪ್ರೀತಿಯಿಂದ ಕೇಳಿದ್ರಿ. ಇಲ್ಲ ಅನ್ನೋಕೆ ಮನಸ್ಸಾಗ್ಲಿಲ್ಲ" ಅಂದರು. ಮೂರನೇ ಸಾಲಿನಿಂದ ಒಬ್ಬ ವ್ಯಾನ್ ಡ್ರೈವರ್ ಎದ್ದು ನಿಂತ. ನಿಜವಾದ ಡ್ರೈವರ್! "ಮೇಡಂ, ನಾನೀಗ ಮನೆಗೆ ಹೋಗ್ಬೋದಾ, ಇಲ್ಲಾ ಹೀಗೇ ಕರ್ಕೊಂಡು ಹೋಗ್ತೀರಾ?" ಎಲ್ಲರೂ ನಕ್ಕರು. ಅವನು ನಗಲಿಲ್ಲ.

ಕುಕ್ಕರ್ ಮಾರುವಾಗ ನನ್ನ ಗುಟ್ಟೇ ಅದು. ಗಿರಾಕಿಗೆ ಯೋಚಿಸಲು ಬಿಡಬಾರದು. "ಐದು ಲೀಟರ್ದೋ ಮೂರು ಲೀಟರ್ದೋ?" ಎಂದು ಕೇಳಬೇಕೇ ಹೊರತು "ಕುಕ್ಕರ್ ಬೇಕಾ?" ಎಂದು ಕೇಳಬಾರದು. ಬೇಕಾದ ಉತ್ತರವನ್ನು ಪ್ರಶ್ನೆಯೊಳಗೇ ಕಟ್ಟಿ ಕೊಡಬೇಕು. ಮಗುವಿಗೆ ಹಾಗೆ ಕಟ್ಟಿಕೊಟ್ಟರೆ ಅದು ತೆಗೆದುಕೊಂಡುಬಿಡುತ್ತದೆ, ದೊಡ್ಡವರ ಮನಸ್ಸು ನೋಯಬಾರದು ಎಂದು. ಆಮೇಲೆ ನಿಜ ಯಾವುದು, ನಾವು ಮಾರಿದ್ದು ಯಾವುದು ಎಂದು ಯಾರೂ ಬಿಡಿಸಲಾರರು. ತಪ್ಪಿತಸ್ಥ ಆರಾಮವಾಗಿರುತ್ತಾನೆ, ಪಾಪದವನು ಸಿಕ್ಕಿಬೀಳುತ್ತಾನೆ. ಮಗು ಇದ್ದಲ್ಲೇ ಇರುತ್ತದೆ.

ನಿನ್ನ ಕಾಗದದ ಹುಡುಗಿಯ ಭಾಗವನ್ನು ಡಾಕ್ಟರಮ್ಮನಿಗೆ ಓದಿ ಹೇಳಿದೆ. ಅವರು ಅಂದದ್ದನ್ನು ಬಣ್ಣ ಹಚ್ಚದೆ ಇಳಿಸುತ್ತಿದ್ದೇನೆ. ತಡವಾಗಿ ಕರೆತರುವುದು, ಒಂದೇ ಪೆಟ್ಟಿಗೆ ಎರಡು ಕತೆ, ಮೇಲಿಂದ ಮೇಲೆ ಪೆಟ್ಟು, ತಲೆಯ ಹಿಂಭಾಗ ಹಿಡಿದುಕೊಳ್ಳುವುದು, ಇವು ಸುಮ್ಮನೆ ಬಿಡುವಂಥವಲ್ಲ. ಅವಳ ಕೈಗೆ ಒಂದು ಅಧಿಕಾರ ಕೊಡು: ಕೈ ಎತ್ತಿದರೆ ನೀನು ನಿಲ್ಲಿಸಬೇಕು, ಪ್ರತಿ ಸಲವೂ. ಕೇಳುವುದಿದ್ದರೆ ಒಂದೇ, ಉತ್ತರ ಒಳಗಿಲ್ಲದ ಪ್ರಶ್ನೆ. ಕೇಳಿ ಸುಮ್ಮನಿರು. ಹೇಳಿದರೆ ಅವಳ ಮಾತನ್ನೇ ಬರೆದಿಡು. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡ, ಉಳಿಸಿಕೊಳ್ಳಲು ಆಗುವುದಿಲ್ಲ. ಹೇಳದಿದ್ದರೂ ಅನುಮಾನ ಇದ್ದರೆ ಸಾಕು, ಮಕ್ಕಳ ರಕ್ಷಣಾ ಕಚೇರಿಗೆ ತಿಳಿಸಬೇಕು. ಪತ್ತೆ ಮಾಡುವುದು ನಿನ್ನ ಕೆಲಸವಲ್ಲ.

ಕೇಳಿ ಸುಮ್ಮನಿರುವುದನ್ನು ನಾನೂ ನಿನ್ನ ಭಾವನ ಮೇಲೆ ಅಭ್ಯಾಸ ಮಾಡಿದೆ. "ಇವತ್ತು ಹೇಗಿತ್ತು?" ಎಂದು ಕೇಳಿ ಬಾಯಿ ಮುಚ್ಚಿದೆ. ಅವರು ಸ್ವಲ್ಪ ಹೊತ್ತು ನೋಡಿ, "ನಾನೇನು ತಪ್ಪು ಮಾಡಿದೆ?" ಅಂದರು.

ಅಕ್ಕ


ಜೂನ್ 21

ಅಕ್ಕಾ,

ಚೀಟಿಯ ಕತೆ ಓದಿ ಮೊದಲು ನಕ್ಕೆ, ಆಮೇಲೆ ನಗು ನಿಂತಿತು. ಯಾಕೆಂದರೆ ಸೋಮವಾರವಿಡೀ ನನ್ನನ್ನು ನಾನೇ ಗಮನಿಸಿದೆ. ಹದಿನಾರು ವರ್ಷದಿಂದ ನಾನು ಮಕ್ಕಳನ್ನು ಪ್ರಶ್ನೆ ಕೇಳುತ್ತಿರುವುದು ಅವರ ಬಾಯಲ್ಲಿ ನನ್ನ ಎರಡು ಕೈ, ಒಂದು ಕನ್ನಡಿ, ಒಂದು ಜೊಲ್ಲು ಎಳೆಯುವ ಕೊಳವೆ ಇಟ್ಟು! "ಶಾಲೆ ಹೇಗಿದೆ?" "ಆಂ." "ಚಾಕಲೇಟ್ ಬಿಟ್ಯಾ?" "ಆಂ." "ಮೆಟ್ಟಿಲಲ್ಲಿ ಬಿದ್ಯಾ?" "ಆಂ." ಅವಳು ಇನ್ನೇನು ಹೇಳಲು ಸಾಧ್ಯವಿತ್ತು? ನೀನು ಫೋನಿನಲ್ಲಿ ಮಾಡುವುದನ್ನು ನಾನು ಕೈಯಿಂದ ಮಾಡುತ್ತಿದ್ದೇನೆ. ಒಂದೇ ತಾಯಿಯ ಮಕ್ಕಳು.

ನಿನ್ನೆ ಹುಡುಗಿ ಬಂದಳು. ಕುರ್ಚಿಯನ್ನು ಮಲಗಿಸಲಿಲ್ಲ. ನಾನು ಸಿಸ್ಟರ್‌ನ ಗಿಡ್ಡ ಸ್ಟೂಲಿನ ಮೇಲೆ ಕೂತೆ, ಮೊಣಕಾಲು ಗಲ್ಲಕ್ಕೆ ಬಂತು. ಹುಡುಗಿಗೆ ನಗು ಬಂತು, ಕೈಯಿಂದ ಬಾಯಿ ಮುಚ್ಚಿಕೊಂಡಳು. "ನೋಡು ಪುಟ್ಟಿ, ನೀನು ಕೈ ಎತ್ತಿದರೆ ನಾನು ನಿಲ್ಲಿಸ್ತೀನಿ. ಏನು ನಡೀತಿದ್ರೂ ಸರಿ." ನಂಬಲಿಲ್ಲ. ಕನ್ನಡಿ ತುಟಿಗೆ ತಾಗಿಸುತ್ತಲೇ ಎತ್ತಿದಳು. ನಿಲ್ಲಿಸಿದೆ. ಮತ್ತೆ ಎತ್ತಿದಳು. ನಿಲ್ಲಿಸಿದೆ. ಹತ್ತು ಸಲವಾದರೂ ಪರೀಕ್ಷೆ ಮಾಡಿದಳು ಅಕ್ಕಾ. ಹೊರಗೆ ಕಾಯುತ್ತಿದ್ದವರು ಗೊಣಗಿದರು. ಆಮೇಲೆ ತಾನಾಗಿ ಬಾಯಿ ತೆರೆದಳು.

ಹಲ್ಲು ಕಟ್ಟಿದ ಮೇಲೆ ಎಲ್ಲ ಸಾಮಾನು ಪಕ್ಕಕ್ಕಿಟ್ಟು, ಕೈಗವಸು ಕಳಚಿ, "ಈ ಹಲ್ಲಿಗೆ ಏನಾಯ್ತು, ಹೇಳು" ಎಂದು ಕೇಳಿ ಸುಮ್ಮನೆ ಕೂತೆ. ಗೋಡೆ ಗಡಿಯಾರ ಅಷ್ಟು ಸದ್ದು ಮಾಡುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅವಳು ಚೀಲದ ಜಿಪ್ ತೆರೆದಳು, ಹಾಕಿದಳು. "ಬಿದ್ದೆ" ಅಂದಳು. ಅಷ್ಟೇ. ನಾನೂ ಒತ್ತಾಯ ಮಾಡಲಿಲ್ಲ.

ತಮಾಷೆಯೆಂದರೆ, ಎಲ್ಲ ಮುಗಿದು ಅವಳ ಕಡೆಯವರು ಬಾಗಿಲಲ್ಲಿ ಕೀ ಗೊಂಚಲು ತಿರುಗಿಸುತ್ತಾ "ಬಾ ಬಾ, ಪಾಠಕ್ಕೆ ಹೊತ್ತಾಯ್ತು" ಅಂದರಲ್ಲ, ಆಗ ಅವಳು ಕುರ್ಚಿಯಿಂದ ಇಳಿಯದೆ ನನ್ನ ಕಡೆ ನೋಡಿ ಮತ್ತೆ ಕೈ ಎತ್ತಿದಳು. ನನ್ನ ಕೈಯಲ್ಲಿ ಏನೂ ಇರಲಿಲ್ಲ! "ಮುಗೀತಲ್ಲ ಪುಟ್ಟಿ, ಇನ್ನೇನು ನಿಲ್ಲಿಸಲಿ?" ಎಂದು ನಕ್ಕೆ. ಮಕ್ಕಳಿಗೆ ಒಂದು ಆಟ ಹಿಡಿಸಿತೆಂದರೆ ಬಿಡುವುದೇ ಇಲ್ಲ. ಕೈ ಇಳಿಸಿ ಹೊರಟಳು.

ತಿಳಿಸುವ ವಿಷಯ ಇನ್ನೊಂದು ಸಲ ನೋಡಿ ನಿರ್ಧರಿಸುತ್ತೇನೆ. ಅವಸರ ಬೇಡ.

ತಮ್ಮ


ಜೂನ್ 25

ತಮ್ಮಾ,

ಆಟವಲ್ಲ ಕಣೋ! ಅದು ಆಟವಲ್ಲ!

ಫೋನಿನಲ್ಲಿ ಹೇಳಿದ್ದನ್ನೇ ಮತ್ತೆ ಬರೆಯುತ್ತಿದ್ದೇನೆ, ಯಾಕೆಂದರೆ ನೀನು "ಹೂಂ, ನೋಡ್ತೀನಿ" ಅಂದೆ. ಇಪ್ಪತ್ತು ವರ್ಷ ಮಾರಾಟ ಮಾಡಿದವಳು ನಾನು. ಗಿರಾಕಿ "ನೋಡ್ತೀನಿ" ಅಂದರೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾನೆ ಎಂದು ಅರ್ಥ.

ಏನು ನಡೆಯುತ್ತಿದ್ದರೂ ನಿಲ್ಲಿಸುತ್ತೇನೆ ಎಂದು ಮಾತು ಕೊಟ್ಟವನು ನೀನು. ಹತ್ತು ಸಲ ಪರೀಕ್ಷೆ ಮಾಡಿ, ಈ ಮನುಷ್ಯ ನಿಜವಾಗಿ ನಿಲ್ಲಿಸುತ್ತಾನೆ ಎಂದು ಖಾತ್ರಿ ಮಾಡಿಕೊಂಡು, ಹನ್ನೊಂದನೇ ಸಲ ನಿಜವಾದ ಕೆಲಸಕ್ಕೆ ಕೈ ಎತ್ತಿದಳು. ನೀನು ಕನ್ನಡಿ ಹಿಡಿದಿಲ್ಲ ಎಂದು ಅವಳಿಗೆ ಕಾಣಿಸುತ್ತಿರಲಿಲ್ಲವೇ? ಹೊರಡುವುದನ್ನು ನಿಲ್ಲಿಸು ಎಂದಳು. ಬಾಯಲ್ಲಿ ಹೇಳಲಾಗದ್ದನ್ನು ನೀನು ಕೊಟ್ಟ ಕೈಯಲ್ಲಿ ಹೇಳಿದಳು. ಕಾಗದ ಓದುತ್ತಾ ನಾನು ಅಡುಗೆಮನೆಯಲ್ಲೇ ಎದ್ದು ನಿಂತೆ, ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು.

ಇನ್ನೊಂದು. ಬಾಗಿಲಲ್ಲಿ ನಿಂತವರು ಯಾರು ಎಂದು ನೀನು ಬರೆದಿಲ್ಲ, ಆದರೆ ಕೀ ಗೊಂಚಲು ಮಾತ್ರ ಬರೆದುಬಿಟ್ಟಿದ್ದೀಯ. ಆ ಗೊಂಚಲು ಹಿಂದಿನ ಕಾಗದದಲ್ಲೂ ಗಿರಗಿರ ತಿರುಗಿತ್ತು. ಹುಡುಗಿಯ ದೊಡ್ಡಪ್ಪ ಎಂದರೆ ನಿನ್ನ ಕಟ್ಟಡದ ಯಜಮಾನ, ಅಲ್ವಾ? ಐದು ವರ್ಷದ ಸಹಿ ಬಾಕಿ ಇದೆ, ಅದಕ್ಕೇ ಈ "ಅವಸರ ಬೇಡ". ಸಿಟ್ಟಿಲ್ಲ ತಮ್ಮಾ, ಸಾಲ ಮಾಡಿ ಹಾಕಿದ ಕ್ಲಿನಿಕ್ಕು ಎಂದು ನನಗೂ ಗೊತ್ತು. ಆದರೆ ಕಟ್ಟಡ ಹೋದರೆ ಇನ್ನೊಂದು ಕಟ್ಟಡ ಸಿಗುತ್ತದೆ.

ಆ ದೊಡ್ಡಪ್ಪನೇ ಮಾಡಿದ್ದು. ನಗುನಗುತ್ತಾ ಜೋಕು ಹೊಡೆಯುವವರನ್ನು ನಾನು ಕಂಡಿದ್ದೇನೆ. ಅವನ ಹೆಸರು ಹಾಕಿ ತಿಳಿಸು.

ಇಷ್ಟು ಬರೆದು ಹೆಮ್ಮೆಯಿಂದ ಡಾಕ್ಟರಮ್ಮನಿಗೆ ಓದಿ ಹೇಳಿದೆ. ಅವರು ಬೈಯಲಿಲ್ಲ. ತಮ್ಮ ಚೀಲದಿಂದ ಆ ದಿನದ ಚೀಟಿ ತೆಗೆದು ನನ್ನ ಮುಂದೆ ಇಟ್ಟರು. ಸೈಕಲ್ಲಿಂದ ಬಿದ್ದೆ, ಯಾರೂ ಏನೂ ಮಾಡಿಲ್ಲ. ಆಮೇಲೆ, "ಕಂಡದ್ದು ಬರೀಲಿ. ಕೇಳಿದ್ದು ಬರೀಲಿ. ಯಾರು ಅಂತ ಊಹೆ ಮಾಡೋದು ಬೇಡ, ಆದರೆ ಇವತ್ತೇ ತಿಳಿಸ್ಲಿ" ಅಂದರು. ಹಾಗಾಗಿ ಮೇಲಿನ ಪ್ಯಾರಾ ವಾಪಸ್. ಹೊಡೆದು ಹಾಕುವ ಮನಸ್ಸು ಮಾತ್ರ ಬರಲಿಲ್ಲ, ಇರಲಿ.

ಇವತ್ತೇ.

ಅಕ್ಕ


ಜುಲೈ 9

ತಮ್ಮಾ,

ಕಾಗದವಿಲ್ಲ. ಫೋನ್ ಮಾಡಿದರೆ "ಆರಾಮ್ ಇದೀನಿ ಅಕ್ಕಾ, ಆಮೇಲೆ ಮಾತಾಡ್ತೀನಿ" ಎಂದು ಇಡುತ್ತೀಯ. ಕಟ್ಟಡದ ಮಾತೆತ್ತಿ ಚುಚ್ಚಿದೆನೆಂದು ಮುನಿಸಿಕೊಂಡೆಯಾ? ನೀನು ಹೆದರಿ ಸುಮ್ಮನಾದೆ, ಅದನ್ನು ಹೇಳಲು ನಾಚಿಕೆ ಎಂದು ಒಮ್ಮೆ ಅನ್ನಿಸುತ್ತದೆ. ನನ್ನ ತಮ್ಮ ಅಂಥವನಲ್ಲ ಎಂದು ಮರುಗಳಿಗೆ ಅನ್ನಿಸುತ್ತದೆ.

ನೋಡು, ಇಲ್ಲೂ ಎರಡು ಉತ್ತರ ನಾನೇ ಕಟ್ಟಿಕೊಟ್ಟೆ. ಹರಿದು ಹಾಕಬೇಕಿತ್ತು, ಕಾಗದ ಮುಗಿದಿದೆ.

ಎರಡನೇ ತರಬೇತಿ ಆಯಿತು. ಕುರ್ಚಿ ಅರವತ್ತು, ಜನ ಐವತ್ತೇಳು. ಆ ವ್ಯಾನ್ ಡ್ರೈವರ್ ಮತ್ತೆ ಬಂದಿದ್ದ, ಜೊತೆಗೆ ಇನ್ನೂ ನಾಲ್ವರು ಡ್ರೈವರುಗಳನ್ನು ಕರೆತಂದಿದ್ದ. ಮೊದಲ ಸಾಲಲ್ಲಿ ಕೂತು, "ಮೇಡಂ, ಇವತ್ತು ಯಾರನ್ನ ಹಿಡೀತೀರಾ?" ಅಂದ.

ಅಕ್ಕ


ಜುಲೈ 22

ತಮ್ಮಾ,

ಏನಾಯಿತು, ಹೇಳು.

ಕಾಯುತ್ತೇನೆ.

ಅಕ್ಕ


ಜುಲೈ 30

ಅಕ್ಕಾ,

ನಿನ್ನ ಜೀವಮಾನದ ಅತಿ ಚಿಕ್ಕ ಕಾಗದ ತಲುಪಿತು. ಸಿಸ್ಟರ್ ಲಕೋಟೆಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿ, "ಉಳಿದ ಹಾಳೆ ಎಲ್ಲಿ ಬಿತ್ತು?" ಎಂದು ಹುಡುಕಿದರು.

ಮುನಿಸಲ್ಲ ಅಕ್ಕಾ. ಹುಡುಗಿಯ ಮಾತು ಕೇಳಿ ಮುಗಿಯುವವರೆಗೂ ಯಾರ ಜೊತೆಗೂ ಇದರ ಬಗ್ಗೆ ಮಾತಾಡಬೇಡಿ ಎಂದು ಕಚೇರಿಯವರು ಹೇಳಿದ್ದರು. ನಿನಗೆ ಒಂದು ಸಾಲು ಹೇಳಿದ್ದರೆ ನೀನು ಉಳಿದ ಒಂಬತ್ತು ಸಾಲು ಹೊರಡಿಸುತ್ತಿದ್ದೆ. ಅದಕ್ಕೇ ಫೋನ್ ಇಡುತ್ತಿದ್ದೆ.

ನೀನು ಫೋನ್ ಮಾಡಿದೆಯಲ್ಲ, ಆ ಸಂಜೆಯೇ ತಿಳಿಸಿದೆ. "ನೋಡ್ತೀನಿ" ಅಂದದ್ದು ನಿನಗೆ, ಆದರೆ ಫೋನಿಟ್ಟು ನೀಲಿ ಕುರ್ಚಿ ನೋಡಿದೆ. ಇಳಿಸಿದ ಆ ಕೈ ಕಣ್ಣಿಗೆ ಕಟ್ಟಿತು. ಇನ್ನೇನು ನಿಲ್ಲಿಸಲಿ ಎಂದು ನಕ್ಕಿದ್ದೆನಲ್ಲ ಅಕ್ಕಾ. ಎರಡು ಹಾಳೆ ಬರೆದೆ. ಕಂಡದ್ದು, ಕೇಳಿದ್ದು, ದಿನಾಂಕ, ಅವಳ ಮಾತು ಅವಳ ಬಾಯಿಂದ ಬಂದ ಹಾಗೆ. ಕೈ ಎತ್ತಿದ್ದನ್ನೂ, ಆಗ ಯಾರು ಏನು ಅಂದರು ಎಂಬುದನ್ನೂ ಬರೆದೆ. ನಿನ್ನ ಕಾಗದ ಅದಾದ ಮೂರನೇ ದಿನ ಬಂತು. ಮೊದಲೇ ಬಂದಿದ್ದರೆ ನಾನೂ ದೊಡ್ಡಪ್ಪ ಎಂದು ಬರೆದುಬಿಡುತ್ತಿದ್ದೆನೇನೋ. ನನಗೂ ಅದೇ ಅನುಮಾನವಿತ್ತು, ಅದಕ್ಕೇ ಅವರು ಯಾರೆಂದು ನಿನಗೆ ಬರೆದಿರಲಿಲ್ಲ.

ಮರುದಿನ ಕಚೇರಿಯವರು ಅವರ ಮನೆಗೆ ಹೋದರು. ಯಾರು ತಿಳಿಸಿದರೆಂದು ಅವರು ಹೇಳಲಿಲ್ಲ, ಆದರೆ ಯಜಮಾನರಿಗೆ ಊಹಿಸುವುದೇನು ಕಷ್ಟ? ಸಂಜೆ ಕ್ಲಿನಿಕ್ಕಿಗೆ ಬಂದರು. ಗೊಂಚಲು ತಿರುಗುತ್ತಿರಲಿಲ್ಲ, ಮುಷ್ಟಿಯಲ್ಲಿತ್ತು. "ನನ್ನ ತಮ್ಮನ ಮಗೂನ ಕಣ್ಣಲ್ಲಿ ಕಣ್ಣಿಟ್ಟು ಸಾಕ್ತಿದೀನಿ. ನನ್ನ ಮೇಲೇ ಬರೀತೀಯೇನಯ್ಯಾ? ಖಾಲಿ ಮಾಡು!" ನಾನು ಏನೂ ಹೇಳುವ ಹಾಗಿರಲಿಲ್ಲ. ಖಾಲಿ ಮಾಡಿದೆ. ನೀಲಿ ಕುರ್ಚಿ ಎರಡು ದಿನ ಟೈರ್ ಅಂಗಡಿಯವನ ಶೆಡ್ಡಿನಲ್ಲಿತ್ತು. ಈಗ ಅದೇ ಅಂಗಡಿಯ ಮೇಲೆ ಎರಡು ಕೋಣೆ. ಕೆಳಗೆ ಗಾಳಿ ತುಂಬುವ ಸದ್ದು, ಮೇಲೆ ನನ್ನ ಯಂತ್ರದ ಸದ್ದು. ಯಾವುದು ಯಾವುದೆಂದು ಮಕ್ಕಳಿಗೆ ತಿಳಿಯದೆ ಅಳುವುದು ಕಡಿಮೆಯಾಗಿದೆ.

ಮೊನ್ನೆ ಯಜಮಾನರು ಮೆಟ್ಟಿಲು ಹತ್ತಿ ಬಂದರು. ಕೂರಿ ಅಂದೆ, ಸಿಸ್ಟರ್‌ನ ಗಿಡ್ಡ ಸ್ಟೂಲಿನ ಮೇಲೇ ಕೂತರು. ಕಚೇರಿಯಲ್ಲಿ ಮಕ್ಕಳ ಜೊತೆ ಮಾತಾಡಲು ಕಲಿತವರೊಬ್ಬರು ಹುಡುಗಿಯ ಜೊತೆ ಬಣ್ಣ ಹಚ್ಚುತ್ತಾ ಕೂತಿದ್ದರಂತೆ. ಮೊದಲ ದಿನ ಏನಿಲ್ಲ. ಎರಡನೇ ದಿನ ಏನಿಲ್ಲ. ಮೂರನೇ ಸಲ "ಡಾಕ್ಟರ್ ಹತ್ರ ಕೈ ಎತ್ತಿದ್ಯಂತೆ, ಅದರ ಬಗ್ಗೆ ಹೇಳು" ಅಂದರಂತೆ.

ಅವಳು ಹೇಳಿದ್ದು ಮನೆಪಾಠದ ಮೇಷ್ಟ್ರ ಬಗ್ಗೆ.

ದೊಡ್ಡಪ್ಪನೇ ಹುಡುಕಿ ಇಟ್ಟ ಮೇಷ್ಟ್ರು. ಅಜ್ಜಿಗೆ ಕಿವಿ ಮಂದ, ದೊಡ್ಡಪ್ಪ ಬಾಡಿಗೆ ವಸೂಲಿಗೆ ಹೊರಗೆ. ಲೆಕ್ಕ ತಪ್ಪಿದರೆ ಹಿಂದಿನಿಂದ ತಲೆ ಹಿಡಿದು ಮೇಜಿಗೆ ಒತ್ತುತ್ತಿದ್ದನಂತೆ. ಮೆಟ್ಟಿಲ ಕತೆ ಅವನು ಯಜಮಾನರಿಗೆ ಹೇಳಿದ್ದು, ಬಚ್ಚಲ ಕತೆ ಹುಡುಗಿಗೆ ಆ ಹೊತ್ತಿಗೆ ತೋಚಿದ್ದು. ಹೇಳಿದರೆ ದೊಡ್ಡಪ್ಪ ನಿನ್ನನ್ನು ಮನೆಯಿಂದ ಕಳಿಸಿಬಿಡುತ್ತಾರೆ ಎಂದು ಹೆದರಿಸಿಟ್ಟಿದ್ದನಂತೆ. "ಪಾಠಕ್ಕೆ ಹೊತ್ತಾಯ್ತು" ಎಂದು ನಾನೇ ನಿನಗೆ ಬರೆದಿದ್ದೆ ಅಕ್ಕಾ. ನಾನು ಬರೆದೆ, ನೀನು ಓದಿದೆ, ಇಬ್ಬರೂ ಗೊಂಚಲನ್ನು ನೋಡುತ್ತಾ ಕೂತೆವು.

ಈಗ ಅವನು ಪೊಲೀಸರ ಕೈಯಲ್ಲಿದ್ದಾನೆ. ಅವನು ಪಾಠಕ್ಕೆ ಹೋಗುತ್ತಿದ್ದ ಇನ್ನೂ ಮೂರು ಮನೆಯವರನ್ನು ಕಚೇರಿಯವರು ಕರೆಸಿದ್ದಾರೆ.

"ನನ್ನ ಮೇಲೇ ಬರೆದಿದೀರಿ ಅಂದ್ಕೊಂಡಿದ್ದೆ ಡಾಕ್ಟ್ರೇ," ಅಂದರು ಯಜಮಾನರು. "ನಾನು ಯಾರ ಮೇಲೂ ಬರೆದಿಲ್ಲ ಸಾರ್, ಕಂಡದ್ದು ಬರೆದೆ." ಕೀ ಗೊಂಚಲಿನಿಂದ ಹಳೆಯ ಕ್ಲಿನಿಕ್ಕಿನ ಕೀ ಬಿಡಿಸಲು ಹೋದರು, ಆಗದೆ ಗೊಂಚಲನ್ನೇ ಮೇಜಿನ ಮೇಲಿಟ್ಟರು. "ವಾಪಸ್ ಬನ್ನಿ" ಅಂದರು. ಯೋಚಿಸುತ್ತೇನೆ ಅಂದಿದ್ದೇನೆ. ಇಲ್ಲಿ ಗಾಳಿ ಬೆಳಕು ಚೆನ್ನಾಗಿದೆ.

ಹುಡುಗಿಯ ಅಪ್ಪ ಅಮ್ಮ ಬಂದಿದ್ದಾರೆ. ಅಮ್ಮ ಇನ್ನು ಇಲ್ಲೇ ಇರುತ್ತಾರಂತೆ. ನಿನ್ನೆ ಹುಡುಗಿಯನ್ನು ಕರೆತಂದಿದ್ದರು, ಕಟ್ಟಿದ ಹಲ್ಲು ನೋಡಲು. ಕುರ್ಚಿ ಹತ್ತುವ ಮೊದಲೇ ಹುಡುಗಿ ಕೈ ಎತ್ತಿದಳು. ನಾನು ಗಪ್ಪನೆ ನಿಂತೆ. ಸಿಸ್ಟರ್ ನಿಂತರು. ಅವಳ ಅಮ್ಮನೂ ನಿಂತರು. ಹುಡುಗಿ ಮೂವರನ್ನೂ ಒಬ್ಬೊಬ್ಬರಾಗಿ ನೋಡಿ, "ಸುಮ್ನೆ" ಅಂದಳು. ಹೊಸ ಹಲ್ಲು ಪೂರ್ತಿ ಕಾಣುವ ಹಾಗೆ ನಕ್ಕಳು.

ಈಗ ಬೇಕಾದರೆ ಫೋನ್ ಮಾಡು. ಪೂರ್ತಿ ಹೊತ್ತು ನೀನೇ ಮಾತಾಡು.

ತಮ್ಮ


ಆಗಸ್ಟ್ 8

ತಮ್ಮಾ,

ಫೋನ್ ಮಾಡಿದಾಗ ನಾನು ಮಾತಾಡಲಿಲ್ಲವೆಂದು ಹೆದರಿದೆಯಂತೆ, ಭಾವನಿಗೆ ಹೇಳಿದೆಯಂತೆ. ಅಳುತ್ತಿದ್ದೆ ಕಣೋ. ಅದೂ ಖುಷಿಗೇ.

ನಾನು ಸಿದ್ಧ ಮಾಡಿಕೊಟ್ಟ ಉತ್ತರವನ್ನು ನೀನು ಆ ಹುಡುಗಿಗೆ ಮಾರಿದ್ದರೆ, ಅವಳು "ಹೂಂ, ದೊಡ್ಡಪ್ಪ" ಅಂದಿರುತ್ತಿದ್ದಳು. ದೊಡ್ಡಪ್ಪ ಒಳಗೆ, ಮೇಷ್ಟ್ರು ಮಂಗಳವಾರದ ಪಾಠಕ್ಕೆ. ಇದನ್ನು ನೆನೆಸಿಕೊಂಡಾಗಲೆಲ್ಲ ಎದ್ದು ನೀರು ಕುಡಿಯುತ್ತೇನೆ.

ಮೂರನೇ ತರಬೇತಿ ಭಾನುವಾರ ಆಯಿತು. ಕುರ್ಚಿ ಸಾಲದೆ ಪಕ್ಕದ ಹಾಲ್‌ನಿಂದ ತರಿಸಿದೆ. ಹುಡುಗಿಯ ಕತೆ ಹೇಳಲಿಲ್ಲ, ಅದು ಅವಳದು. ನನ್ನದನ್ನು ಹೇಳಿದೆ: ನಾಲ್ಕು ಪ್ರಶ್ನೆ, ಚಪ್ಪಾಳೆ, ಚೀಟಿ. ಆಮೇಲೆ ಆಟದ ಮೇಷ್ಟ್ರನ್ನೇ ಮತ್ತೆ ಮಗುವಿನ ಕುರ್ಚಿಯಲ್ಲಿ ಕೂರಿಸಿ "ಏನಾಯ್ತು, ಹೇಳು" ಎಂದು ಕೇಳಿ ಬಾಯಿ ಮುಚ್ಚಿ ನಿಂತೆ. ಬಹಳ ಹೊತ್ತಾದ ಮೇಲೆ ಮೇಷ್ಟ್ರು, "ಸೈಕಲ್ಲಿಂದ ಬಿದ್ದೆ" ಅಂದರು. ವ್ಯಾನ್ ಡ್ರೈವರ್ ಎದ್ದು ನಿಂತು ಶಿಳ್ಳೆ ಹೊಡೆದ.

ಖರ್ಚು ಮೊದಲೇ ಹೇಳಿದ್ದೆ. ಈಗ ಗಳಿಕೆ.

ಡಾಕ್ಟರಮ್ಮ: ಎಚ್ಚರವಿರುವ ಹಿಂದಿನ ಸಾಲು.

ವ್ಯಾನ್ ಡ್ರೈವರ್: ಮೊದಲ ಸಾಲಿನಲ್ಲಿ ಖಾಯಂ ಕುರ್ಚಿ.

ಯಜಮಾನರು: ತಮ್ಮನ ಮಗಳು, ಇನ್ನೂ ಅವರ ಮನೆಯಲ್ಲೇ.

ನಿನ್ನ ಭಾವ: ದಿನಕ್ಕೊಂದು ಪ್ರಶ್ನೆ, ಉತ್ತರಿಸಲು ಜಾಗದ ಸಮೇತ. ಅವರಿಗಿನ್ನೂ ಅನುಮಾನ ಹೋಗಿಲ್ಲ.

ನೀನು: ಟೈರ್ ಅಂಗಡಿಯ ಮೇಲೆ ಎರಡು ಕೋಣೆ, ಖಾಲಿ ಎರಡು ಕೈ.

ನಾನು: ಒಬ್ಬ ತಮ್ಮ. ಮೊದಲೂ ಇದ್ದ, ಈಗ ಅವನ ಮಾತೂ ಕೇಳಿಸುತ್ತದೆ.

ಹುಡುಗಿ: ಮುಂದಿನ ಹಲ್ಲು ಒಂದು. ಅವಳು ಕೈ ಎತ್ತಿದರೆ ನಿಲ್ಲುವ ಜನ, ಸದ್ಯಕ್ಕೆ ಮೂರು.

ಅಕ್ಕ